ಸೂಜಿಯ ಕಣ್ಣಿಗೆ ದಾರ



ಜೋಳದ ರಾಶಿ ಮುಗಿದು, ಹೊಲದ ಕೆಲಸ ಕಡಿಮೆಯಾದ ಮೇಲೆ ನಮ್ಮ ಜತ್ತ ತಾಲೂಕಿನ ಊರುಗಳಲ್ಲಿ ಪಡಸಾಲೆ ತುಂಬುತ್ತದೆ. ಟ್ರಂಕಿನಲ್ಲಿದ್ದ ಹಳೆಯ ಸೀರೆ, ಧೋತರ, ಸವೆದ ಅಂಗಿಗಳು ಹೊರಬರುತ್ತವೆ. ಅವನ್ನು ಪದರದ ಮೇಲೆ ಪದರ ಹಾಸಿ, ಸುತ್ತಲೂ ಕುಳಿತು ಕೌದಿ ಹೊಲಿಯುತ್ತಾರೆ. ಕನ್ನಡದ ಮನೆಯಲ್ಲಿ ಅದು ಕೌದಿ, ಪಕ್ಕದ ಮರಾಠಿ ಮನೆಯಲ್ಲಿ ಅದೇ ವಾಕಳ ಇಲ್ಲವೆ ಗೋಧಡಿ. ಹೆಸರು ಎರಡಾದರೂ ಹೊಲಿಗೆ ಒಂದೇ. ಆ ಹೊಲಿಗೆ ನಡೆದಾಗ ಎರಡೂ ಮನೆಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಮಾತು ಕೂಡ ಒಂದೇ: “ಏ ತಂಗೀ, ಇದರಾಗ ಒಂದೀಟು ದಾರ ಹಾಕಿ ಕೊಡು ಬಾ.”

ಮೊಮ್ಮಗಳು ಓಡಿ ಬರುತ್ತಾಳೆ, ಕಣ್ಣು ಮಿಟುಕಿಸುವಷ್ಟರಲ್ಲಿ ದಾರ ಹಾಕಿ ಕೊಟ್ಟು ಓಡುತ್ತಾಳೆ. ಶಾಲೆ ಇದ್ದ ದಿನ ಅವಳು ಬರುವುದು ಸಂಜೆ ಐದಕ್ಕೆ. ಅಲ್ಲಿಯತನಕ ಆಯಿಯ ಕೈ ಕಟ್ಟಿಹಾಕಿದಂತೆ. ಹತ್ತು ಪದರದ ಬಟ್ಟೆಯನ್ನು ಚುಚ್ಚಿ ಎಳೆಯುವ ಕಸುವು ಆ ಕೈಯಲ್ಲಿ ಇನ್ನೂ ಇದೆ. ಆದರೆ ಬಾಜರಿ ಕಾಳಿಗಿಂತ ಸಣ್ಣದಾದ ಆ ತೂತು ಅವಳನ್ನು ತಡೆದು ನಿಲ್ಲಿಸಿದೆ. ಎರಡು ವರ್ಷ ಹೀಗೆ ನಡೆದ ಮೇಲೆ ಅವಳೇ ಹೇಳುತ್ತಾಳೆ, “ಸಾಕು ಬಿಡು, ನನಗ ವಯಸ್ಸಾತು.” ಕೌದಿ ಅಲ್ಲಿಗೇ ನಿಲ್ಲುತ್ತದೆ. ಕೌದಿಯ ಜೊತೆಗೆ ನಾಲ್ಕು ಮಂದಿಯ ಜೊತೆ ಕೂಡುವುದೂ, ಸಂಸಾರಕ್ಕೆ ತಾನೂ ಒಂದು ಕೆಲಸ ಮಾಡುತ್ತೇನೆಂಬ ಸಮಾಧಾನವೂ ನಿಲ್ಲುತ್ತವೆ.

ಈ ಕಾರಣಕ್ಕಾಗಿ ಇವತ್ತು ಸೂಜಿಗೆ ದಾರ ಪೋಣಿಸುವ ವಿಷಯವನ್ನೇ ಆಯ್ದುಕೊಂಡಿದ್ದೇನೆ. ಇದೇನು ದೊಡ್ಡ ವಿದ್ಯೆ ಎಂದು ನಗಬೇಡಿರಿ. ನಾನು ಬಹಳ ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಸಂಜೆ ನಗದು ತಾಳೆಯಾಗದಿದ್ದರೆ ನಾವು ಒಮ್ಮೆಲೇ ಗಾಬರಿಯಾಗುತ್ತಿರಲಿಲ್ಲ. ಮೊದಲು ಚೀಟಿ, ಆಮೇಲೆ ಕೀರ್ದಿ, ಆಮೇಲೆ ನೋಟಿನ ಕಟ್ಟು ಎಂದು ಒಂದೊಂದಾಗಿ ತಪಾಸು ಮಾಡುತ್ತಿದ್ದೆವು. ದಾರ ಹೋಗದಿದ್ದಾಗಲೂ ಹಾಗೆಯೇ ಮಾಡಬೇಕು. ತೊಂದರೆ ದಾರದಲ್ಲಿರಬಹುದು, ಸೂಜಿಯಲ್ಲಿರಬಹುದು, ಬೆಳಕಿನಲ್ಲಿ ಇಲ್ಲವೆ ಕೈ ಹಿಡಿತದಲ್ಲಿರಬಹುದು, ಇಲ್ಲವೆ ಕಣ್ಣಿನಲ್ಲಿರಬಹುದು. ನಾವು ಏನನ್ನೂ ನೋಡದೆ ಮೊದಲೇ ವಯಸ್ಸಿನ ಲೆಕ್ಕಕ್ಕೆ ಬರೆದುಬಿಡುತ್ತೇವೆ.

ಮೊದಲು ದಾರ.

ದಾರವೆಂದರೆ ಹತ್ತಿಯ ನೂರಾರು ಸಣ್ಣ ಎಳೆಗಳನ್ನು ಹುರಿ ಹಾಕಿ ಕೂಡಿಸಿದ್ದು. ಹಲ್ಲಿನಿಂದ ಕಡಿದರೆ, ಕೈಯಿಂದ ಜಗ್ಗಿ ಹರಿದರೆ ತುದಿಯ ಹುರಿ ಬಿಚ್ಚಿ ಎಳೆಗಳು ಕಸಬರಿಗೆಯ ಹಾಗೆ ಕೆದರುತ್ತವೆ. ನಾಲ್ಕು ಎಳೆ ತೂತಿನೊಳಗೆ ಹೋದರೆ ಎರಡು ಹೊರಗೇ ಮಡಚಿಕೊಂಡು ನಿಲ್ಲುತ್ತವೆ. ದಾರ ಹೋದಂತೆ ಕಂಡು ಮತ್ತೆ ಹೊರಗೆ ಬರುವುದು ಇದಕ್ಕೇ. ಹರಿತವಾದ ಕತ್ತರಿಯಿಂದ ತುದಿಯನ್ನು ಓರೆಯಾಗಿ ಕತ್ತರಿಸಿರಿ. ಓರೆ ತುದಿ ಚೂಪಾಗಿರುತ್ತದೆ, ಎಳೆಗಳೂ ಒಟ್ಟಾಗಿರುತ್ತವೆ. ಮನೆಯ ಕತ್ತರಿಗೆ ಸಾಣೆ ಇಲ್ಲದಿದ್ದರೆ ಹೊಸ ಬ್ಲೇಡು ನಡೆಯುತ್ತದೆ.

ಎಂಜಲು ಹಚ್ಚುವುದು ಎಲ್ಲರಿಗೂ ಗೊತ್ತು. ಒದ್ದೆಯಾದಾಗ ಎಳೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ ನಿಜ. ಆದರೆ ಹತ್ತಿ ನೀರು ಕುಡಿದರೆ ಉಬ್ಬುತ್ತದೆ, ಮೆತ್ತಗೂ ಆಗುತ್ತದೆ. ಮೆತ್ತಗಾದ ತುದಿ ತೂತಿನ ಬಾಯಿಗೆ ತಾಗಿದ ಕೂಡಲೇ ಬಾಗುತ್ತದೆ. ಆದ್ದರಿಂದ ಸ್ವಲ್ಪವೇ ಒದ್ದೆ ಮಾಡಿ, ಎರಡು ಉಗುರುಗಳ ನಡುವೆ ಒತ್ತಿ ಚಪ್ಪಟೆ ಮಾಡಿರಿ. ಸೂಜಿಯ ಕಣ್ಣು ಉದ್ದಕ್ಕೆ ಹೆಚ್ಚು, ಅಗಲಕ್ಕೆ ಕಡಿಮೆ. ಚಪ್ಪಟೆ ತುದಿ ಅದರಲ್ಲಿ ಸುಲಭವಾಗಿ ಇಳಿಯುತ್ತದೆ.

ಎಂಜಲಿಗಿಂತ ಒಳ್ಳೆಯದು ಮೇಣ. ಜೇನುಮೇಣವಿದ್ದರೆ ಉತ್ತಮ, ಇಲ್ಲದಿದ್ದರೆ ಮೇಣಬತ್ತಿ, ಅದೂ ಇಲ್ಲದಿದ್ದರೆ ಒಣಗಿದ ಸಾಬೂನಿನ ತುಂಡು. ದಾರವನ್ನು ಅದರ ಮೇಲೆ ಒಮ್ಮೆ ಎಳೆದರೆ ತುದಿ ಬಿರುಸಾಗುತ್ತದೆ. ಕಚೇರಿಯ ಫೈಲಿಗೆ ಹಾಕುವ ಟ್ಯಾಗಿನ ತುದಿಗೆ ತಗಡಿನ ಟೋಪಿ ಇರುವುದನ್ನು ನೋಡಿರಬೇಕು. ಬೂಟಿನ ಲೇಸಿನ ತುದಿಯೂ ಗಟ್ಟಿ. ಬ್ಯಾಂಕಿನಲ್ಲಿ ದಿನದ ಚೀಟಿಗಳನ್ನೆಲ್ಲ ದಬ್ಬಣದಿಂದ ತೂತು ಮಾಡಿ ಕಟ್ಟುವಾಗ ಆ ತಗಡಿನ ತುದಿಯ ಬೆಲೆ ನನಗೆ ತಿಳಿಯಿತು. ಟೋಪಿ ಕಳಚಿದ ಟ್ಯಾಗು ಎಷ್ಟು ತಿರುವಿದರೂ ತೂತಿನೊಳಗೆ ಹೋಗುತ್ತಿರಲಿಲ್ಲ. ಮೇಣ ಹಚ್ಚುವುದೆಂದರೆ ದಾರಕ್ಕೂ ಅಂಥ ಒಂದು ಟೋಪಿ ಹಾಕಿದಂತೆ.

ದಾರದ ಉದ್ದವನ್ನೂ ನೋಡಿರಿ. ಪದೇ ಪದೇ ಪೋಣಿಸುವ ಬೇಸರಕ್ಕೆ ನಾವು ಮಾರುದ್ದ ದಾರ ತೆಗೆದುಕೊಳ್ಳುತ್ತೇವೆ. ಉದ್ದ ದಾರ ಸಿಕ್ಕುಗಟ್ಟುತ್ತದೆ. ಅಲ್ಲದೆ ಪ್ರತಿ ಹೊಲಿಗೆಗೂ ಅದು ಬಟ್ಟೆಯಲ್ಲೂ ಸೂಜಿಯ ಕಣ್ಣಿನಲ್ಲೂ ತಿಕ್ಕಿ ಸವೆಯುತ್ತದೆ. ಕೊನೆಯ ಗೇಣು ಹೊಲಿಯುವ ಹೊತ್ತಿಗೆ ಅರ್ಧ ಕಸುವು ಹೋಗಿರುತ್ತದೆ. ಕುಳಿತಲ್ಲೇ ಕೈ ಚಾಚಿದರೆ ಒಂದೇ ಎಳೆತಕ್ಕೆ ಪೂರ್ತಿ ಹೊರಬರುವಷ್ಟು ಉದ್ದವಿದ್ದರೆ ಸಾಕು. ಇನ್ನೊಂದು ಮಾತು: ಉಂಡೆಯಿಂದ ಮೊದಲು ಹೊರಬಂದ ತುದಿಯನ್ನು ಸೂಜಿಗೆ ಹಾಕಿ, ಆಮೇಲೆ ಕತ್ತರಿಸಿದ ತುದಿಗೆ ಗಂಟು ಹಾಕಿರಿ. ಹೀಗೆ ಮಾಡಿದರೆ ದಾರದ ಹುರಿ ಬಿಚ್ಚುವುದು ಕಡಿಮೆ ಎಂಬುದು ಹೊಲಿಯುವವರ ಅನುಭವ.

ಎರಡನೆಯದು ಸೂಜಿ.

ಸೂಜಿಯ ನಂಬರು ಉಲ್ಟಾ ಲೆಕ್ಕ. ಒಂದನೆಯ ನಂಬರಿನ ಸೂಜಿ ದಪ್ಪ, ಹತ್ತನೆಯ ನಂಬರಿನದು ಸಪೂರ. ದಾರದ ನಂಬರೂ ಹಾಗೆಯೇ, ೪೦ರ ದಾರಕ್ಕಿಂತ ೬೦ರ ದಾರ ತೆಳು. ಇದಕ್ಕೆ ಕಾರಣವಿದೆ. ಗಿರಣಿಯ ಲೆಕ್ಕದಲ್ಲಿ ೮೪೦ ಗಜ ನೂಲಿಗೆ ಒಂದು ಲಡಿ. ಒಂದು ಪೌಂಡು ತೂಕದ ಹತ್ತಿಯಿಂದ ಅಂಥ ೪೦ ಲಡಿ ತೆಗೆದರೆ ಅದು ೪೦ ನಂಬರಿನ ನೂಲು. ಅದೇ ಒಂದು ಪೌಂಡಿನಿಂದ ೬೦ ಲಡಿ ತೆಗೆಯಬೇಕಾದರೆ ನೂಲು ಇನ್ನೂ ತೆಳ್ಳಗಾಗಲೇಬೇಕು. ಇಚಲಕರಂಜಿ, ಸೊಲ್ಲಾಪುರದ ಮಗ್ಗಗಳಲ್ಲಿ ದುಡಿದು ಬಂದ ನಮ್ಮ ಊರುಗಳ ಜನರಿಗೆ ಈ ಲೆಕ್ಕ ಹೊಸದಲ್ಲ.

ಆದ್ದರಿಂದ ಅಂಗಡಿಯಲ್ಲಿ “ಒಂದು ಸೂಜಿ ಕೊಡ್ರಿ” ಎಂದಷ್ಟೇ ಕೇಳಬೇಡಿರಿ. ಯಾವ ದಾರಕ್ಕೆ, ಯಾವ ಬಟ್ಟೆಗೆ ಎಂದು ಹೇಳಿರಿ. ಗುಂಡಿ ಹಚ್ಚುವ ಸಪೂರ ಸೂಜಿಗೆ ಕೌದಿಯ ದಪ್ಪ ದಾರ ಹಾಕಲು ಹೋದರೆ ಹದಿನೆಂಟರ ಹುಡುಗಿಯ ಕಣ್ಣೂ ಸೋಲುತ್ತದೆ. ಸೂಜಿಯ ಕಣ್ಣಿನಲ್ಲಿ ದಾರ ಬಿಗಿಯದೆ ಸರಾಗವಾಗಿ ಜಾರಬೇಕು. ಕೌದಿಗೆ ಉದ್ದ ಕಣ್ಣಿನ ದಪ್ಪ ಸೂಜಿ, ಚೀಲಕ್ಕೆ ದಬ್ಬಣ, ರವಿಕೆಯ ಅಂಚಿಗೆ ಸಪೂರ ಸೂಜಿ. ಕಣ್ಣು ಮಂಜಾದವರು ಒಂದು ನಂಬರು ದಪ್ಪ ಸೂಜಿ ಹಿಡಿದರೆ ನಾಚಿಕೆಯೇನೂ ಇಲ್ಲ.

ಸೂಜಿಯ ಕಣ್ಣನ್ನು ಅಚ್ಚಿನಿಂದ ಒತ್ತಿ ತೂತು ಮಾಡಿರುತ್ತಾರೆ. ಎರಡೂ ಮಗ್ಗುಲು ಒಂದೇ ಸಮನೆ ನುಣುಪಾಗಿರಬೇಕೆಂದಿಲ್ಲ. ಒಂದು ಕಡೆಯಿಂದ ನಾಲ್ಕು ಸಲ ಹೋಗದ ದಾರ ಸೂಜಿಯನ್ನು ತಿರುಗಿಸಿ ಹಿಡಿದರೆ ಹೋಗಿಬಿಡುವುದುಂಟು. ತುಕ್ಕು ಹಿಡಿದ ಸೂಜಿಯನ್ನು ಮಾತ್ರ ಇಟ್ಟುಕೊಳ್ಳಬೇಡಿರಿ. ಅದರ ಕಣ್ಣಿನೊಳಗಿನ ತುಕ್ಕು ದಾರವನ್ನು ಗರಗಸದ ಹಾಗೆ ಕೊಯ್ಯುತ್ತದೆ.

ಮರಾಠಿಯವರು ಸೂಜಿಯ ಈ ತೂತಿಗೆ ನೇಢೆ ಎನ್ನುತ್ತಾರೆ. ಸಹ್ಯಾದ್ರಿಯ ಕೋಟೆಗಳಲ್ಲಿ ಬಂಡೆಯ ಆರಪಾರ ಗಾಳಿ ಕೊರೆದ ದೊಡ್ಡ ಕಿಂಡಿಗಳಿಗೂ ಅದೇ ಹೆಸರು. ನಾವು ಕನ್ನಡದವರು ಕಣ್ಣು ಎನ್ನುತ್ತೇವೆ. ಸೂಜಿಗೊಂದು ಕಣ್ಣು, ನಮಗೆರಡು ಕಣ್ಣು; ಅವು ಒಂದಕ್ಕೊಂದು ಸರಿಯಾಗಿ ಕಂಡರೆ ಕೆಲಸ ಆದಂತೆ.

ಮೂರನೆಯದು ಕೈ ಮತ್ತು ಬೆಳಕು.

ನಾವೆಲ್ಲ ಸೂಜಿಯನ್ನು ಹಿಡಿದು ದಾರವನ್ನು ಅದರ ಹತ್ತಿರ ಒಯ್ಯುತ್ತೇವೆ. ದಾರ ಉದ್ದಕ್ಕೆ ಜೋತು ಬೀಳುತ್ತದೆ, ತುದಿ ಅಲುಗುತ್ತದೆ, ಅಲುಗುವ ತುದಿಯನ್ನು ಕಣ್ಣು ಹಿಂಬಾಲಿಸಬೇಕಾಗುತ್ತದೆ. ಇದನ್ನು ತಿರುವು ಮಾಡಿರಿ. ದಾರವನ್ನು ಎಡಗೈಯ ಹೆಬ್ಬೆರಳು, ತೋರುಬೆರಳುಗಳ ನಡುವೆ ಬಿಗಿಯಾಗಿ ಹಿಡಿಯಿರಿ. ತುದಿ ಎಳ್ಳುಕಾಳಿನಷ್ಟು ಮಾತ್ರ ಹೊರಗೆ ಕಾಣಲಿ. ಈಗ ಬಲಗೈಯಲ್ಲಿ ಸೂಜಿ ಹಿಡಿದು, ಅದರ ಕಣ್ಣನ್ನು ಆ ತುದಿಯ ಮೇಲೆ ತಂದು ಮೆಲ್ಲಗೆ ಒತ್ತಿರಿ. ದಾರಕ್ಕೆ ಬಾಗಲು ಜಾಗವೇ ಇರುವುದಿಲ್ಲ, ಹೀಗಾಗಿ ಅದು ಕಣ್ಣಿನೊಳಗೆ ಏಳುತ್ತದೆ. ಕೈ ನಡುಗುವವರು ಎರಡೂ ಕೈಗಳ ಮಣಿಕಟ್ಟನ್ನು ಒಂದಕ್ಕೊಂದು ತಾಗಿಸಿ ಹಿಡಿಯಬೇಕು. ಆಗ ನಡುಕ ಇದ್ದರೂ ಎರಡೂ ಕೈ ಕೂಡಿಯೇ ನಡುಗುತ್ತವೆ, ಸೂಜಿ-ದಾರದ ನಡುವಿನ ಅಂತರ ಕೆಡುವುದಿಲ್ಲ.

ದೀಪ ಹಚ್ಚಿದ ಮೇಲೆ ಸೂಜಿ ಹಿಡಿಯಬಾರದು, ನೆರೆಮನೆಗೂ ಕೊಡಬಾರದು ಎನ್ನುವ ಹಿರಿಯರ ಮಾತು ನಮ್ಮ ಭಾಗದಲ್ಲಿದೆ. ಎಣ್ಣೆಯ ದೀಪದ ಕಾಲದಲ್ಲಿ ಅದು ಕಣ್ಣಿಗೂ ಬೆರಳಿಗೂ ಒಳ್ಳೆಯ ಮಾತೇ ಆಗಿತ್ತು. ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಒಳಗಿನ ಮಸೂರ ಹಳದಿಯಾಗುತ್ತದೆ. ಇಪ್ಪತ್ತರ ಕಣ್ಣಿನ ಒಳಪರದೆಗೆ ತಲುಪುವ ಬೆಳಕಿನಲ್ಲಿ ಸುಮಾರು ಮೂರನೆಯ ಒಂದು ಭಾಗದಷ್ಟೇ ಅರವತ್ತರ ಕಣ್ಣಿನ ಪರದೆಗೆ ತಲುಪುತ್ತದೆ. ಮೊಮ್ಮಗಳಿಗೆ ಸಾಕಾದ ಬೆಳಕು ಆಯಿಗೆ ಸಾಲದು. ಬಾಗಿಲ ಹತ್ತಿರ ಕೂಡಿರಿ. ಬೆಳಕು ಹೆಗಲ ಮೇಲಿಂದ ಸೂಜಿಯ ಮೇಲೆ ಬೀಳಲಿ, ಕಣ್ಣಿಗೆ ನೇರವಾಗಿ ಹೊಡೆಯಬಾರದು. ಹಿಂದೆ ಏನಿದೆ ಎಂಬುದೂ ಮುಖ್ಯ. ಕರಿ ದಾರವಿದ್ದರೆ ಸೂಜಿಯ ಹಿಂದೆ ಬಿಳಿ ಕಾಗದ, ಬಿಳಿ ದಾರವಿದ್ದರೆ ಕರಿ ಬಟ್ಟೆ. ಬಣ್ಣಬಣ್ಣದ ಕೌದಿಯ ಮೇಲೆಯೇ ಹಿಡಿದರೆ ದಾರ ಯಾವುದು, ಚಿತ್ತಾರ ಯಾವುದು ತಿಳಿಯುವುದಿಲ್ಲ.

ಇಷ್ಟು ಮಾಡಿದರೂ ಆಗದಿದ್ದರೆ ಉಪಾಯಗಳಿವೆ.

ದಪ್ಪ ದಾರ, ಉಣ್ಣೆಯ ದಾರವಾದರೆ ತುದಿಯನ್ನು ಪೋಣಿಸಲು ಹೋಗಲೇಬೇಡಿರಿ. ದಾರವನ್ನು ಸೂಜಿಯ ಮೈಮೇಲೆ ಹಾಕಿ ಮಡಚಿ, ಮಡಿಕೆಯನ್ನು ಬೆರಳುಗಳಿಂದ ಬಿಗಿಯಾಗಿ ಹಿಸುಕಿ ಸೂಜಿಯನ್ನು ಹೊರಗೆಳೆಯಿರಿ. ಹಿಸುಕಿದ ಆ ಮಡಿಕೆಯನ್ನೇ ಸೂಜಿಯ ಕಣ್ಣಿನೊಳಗೆ ಒತ್ತಿರಿ. ಬಿಚ್ಚಿದ ತುದಿಗಿಂತ ಮಡಿಕೆ ಗಟ್ಟಿ.

ಜಾತ್ರೆಯಲ್ಲಿ, ಸಂತೆಯಲ್ಲಿ ಬಳೆ-ಪಿನ್ನು ಮಾರುವವರ ಹತ್ತಿರ ನಾಣ್ಯದಂಥ ತಗಡಿಗೆ ತೆಳು ತಂತಿ ಕೂಡಿಸಿದ ಒಂದು ಸಾಧನ ಸಿಗುತ್ತದೆ. ತಂತಿಯನ್ನು ಸೂಜಿಯ ಕಣ್ಣಿನಲ್ಲಿ ತೂರಿಸಿ, ಆ ತಂತಿಯ ದೊಡ್ಡ ಕುಣಿಕೆಯಲ್ಲಿ ದಾರ ಹಾಕಿ ಹಿಂದಕ್ಕೆ ಎಳೆದರೆ ಮುಗಿಯಿತು. ಬೆಲೆ ಕೆಲವೇ ರೂಪಾಯಿ. ಸಿಗದಿದ್ದರೆ ಮನೆಯಲ್ಲೇ ಮಾಡಬಹುದು. ಕೆಟ್ಟುಹೋದ ವಿದ್ಯುತ್ ವಾಯರಿನ ಒಳಗಿರುವ ಕೂದಲಿನಂಥ ತಾಮ್ರದ ಎಳೆ ಒಂದನ್ನು ತೆಗೆದು ನಡುವೆ ಮಡಚಿರಿ. ಅದೇ ಕೆಲಸ ಮಾಡುತ್ತದೆ. ವಾಯರು ವಿದ್ಯುತ್ತಿನಿಂದ ಪೂರ್ತಿ ಬಿಡಿಸಿ ಎಸೆದದ್ದೇ ಆಗಿರಬೇಕೆಂದು ಬೇರೆ ಹೇಳಬೇಕಿಲ್ಲ. ತಲೆಯಲ್ಲಿ ಸೀಳು ಇರುವ ಸೂಜಿಗಳೂ ಇವೆ. ಅವುಗಳಲ್ಲಿ ದಾರವನ್ನು ಪೋಣಿಸಬೇಕಿಲ್ಲ, ಮೇಲಿನಿಂದ ಸೀಳಿಗೆ ಒತ್ತಿದರೆ ಕಣ್ಣಿಗೆ ಇಳಿಯುತ್ತದೆ. ಆದರೆ ಕೌದಿಯಂಥ ದಪ್ಪ ಹೊಲಿಗೆಯಲ್ಲಿ ದಾರ ಜಾರಿ ಬರುವ ಸಂಭವ ಹೆಚ್ಚು. ಅಂಗಿಯ ಗುಂಡಿಗೆ ಅವು ಸಾಕು.

ಮೊಮ್ಮಗಳ ದಾರಿ ಕಾಯುವ ತಾಯಂದಿರಿಗೆ ಇನ್ನೊಂದು ಯುಕ್ತಿ. ಅವಳು ಶಾಲೆಗೆ ಹೋಗುವ ಮೊದಲು ಒಂದೇ ಉಂಡೆಯ ದಾರದ ತುದಿಗೆ ಹತ್ತು ಸೂಜಿಗಳನ್ನು ಸಾಲಾಗಿ, ಮಣಿ ಪೋಣಿಸಿದಂತೆ, ಹಾಕಿಸಿ ಇಟ್ಟುಕೊಳ್ಳಿರಿ. ದಾರವನ್ನು ಕತ್ತರಿಸಬೇಡಿರಿ. ಬೇಕಾದಾಗ ಕೊನೆಯ ಸೂಜಿಯ ಜೊತೆ ಬೇಕಾದಷ್ಟು ದಾರ ಎಳೆದು, ಉಳಿದ ಒಂಬತ್ತನ್ನು ಉಂಡೆಯ ಕಡೆಗೆ ಸರಿಸಿ, ನಡುವೆ ಕತ್ತರಿಸಿರಿ. ಉಂಡೆಯ ತುದಿಗೆ ಒಂದು ಗಂಟು ಹಾಕಿದರೆ ಒಂಬತ್ತೂ ಬೀಳದೆ ಉಳಿಯುತ್ತವೆ. ಬೆಳಿಗ್ಗೆ ಐದು ನಿಮಿಷದ ಕೆಲಸ, ಇಡೀ ದಿನದ ಸ್ವಾತಂತ್ರ್ಯ. ದಾರವಿರುವ ಸೂಜಿ ಕಳೆಯುವುದೂ ಇಲ್ಲ. ನೆಲಕ್ಕೆ ಬಿದ್ದರೂ ದಾರ ಕಾಣುತ್ತದೆ. ಅಂಬೆಗಾಲಿಡುವ ಮಕ್ಕಳಿರುವ ಮನೆಯಲ್ಲಿ ಅದೇನು ಸಣ್ಣ ಮಾತಲ್ಲ. ಸೂಜಿಯನ್ನು ಬಾಯಲ್ಲಿ ಕಚ್ಚಿಕೊಂಡು ಮಾತಾಡುವ ರೂಢಿಯನ್ನಂತೂ ಬಿಟ್ಟುಬಿಡಿರಿ.

ಗಂಟಿನ ಬಗ್ಗೆ ಒಂದೆರಡು ಮಾತು. ತೋರುಬೆರಳಿಗೆ ದಾರವನ್ನು ಒಂದು ಸುತ್ತು ಸುತ್ತಿ, ಹೆಬ್ಬೆರಳಿನಿಂದ ಹೊಸೆದು ಕೆಳಗೆ ಜಾರಿಸಿದರೆ ಸಣ್ಣ ಗಟ್ಟಿ ಗಂಟು ಬೀಳುತ್ತದೆ. ಕೌದಿಗೆ ಗಂಟು ಒಳಪದರದಲ್ಲಿ ಅಡಗಲಿ, ಮಲಗಿದವರ ಮೈಗೆ ಚುಚ್ಚಬಾರದು. ಆದರೆ ಎಲ್ಲ ಹೊಲಿಗೆಗೂ ಗಂಟು ಬೇಕೆಂದಿಲ್ಲ. ಧಾರವಾಡದ ಕಡೆಯ ಕಸೂತಿಯಲ್ಲಿ ಗಂಟು ಹಾಕುವುದೇ ಇಲ್ಲ. ಗಂವತಿ, ಮುರಗಿ, ನೇಯ್ಗಿ, ಮೆಂತಿ ಎಂಬ ನಾಲ್ಕು ಬಗೆಯ ಹೊಲಿಗೆ ಅಲ್ಲಿದೆ. ಗಂವತಿ, ಮುರಗಿಗಳಲ್ಲಿ ಬಟ್ಟೆಯ ಎರಡೂ ಮಗ್ಗುಲು ಒಂದೇ ಚಿತ್ತಾರ ಕಾಣಬೇಕು, ಆದ್ದರಿಂದ ದಾರದ ಮೊದಲ ತುದಿಯನ್ನು ಹೊಲಿಗೆಯೊಳಗೇ ಸೇರಿಸಿ ಮುಚ್ಚುತ್ತಾರೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡಗಳ ಸಿದ್ದಿ ಹೆಣ್ಣುಮಕ್ಕಳು ನಮ್ಮ ಕೌದಿಯನ್ನೇ ಕವಂದಿ ಎನ್ನುತ್ತಾರೆ. ಅವರು ಒಂದು ಮೂಲೆಯಿಂದ ಹಿಡಿದು ಅಂಚಿನುದ್ದಕ್ಕೂ ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಗಿಸುತ್ತಾರೆ. ಒಂದು ಕವಂದಿ ಮುಗಿಯುವಷ್ಟರಲ್ಲಿ ಸೂಜಿಗೆ ಎಷ್ಟು ಸಲ ದಾರ ಏರಿಸಿರಬೇಕು ಎಂಬುದನ್ನು ನೀವೇ ಲೆಕ್ಕ ಹಾಕಿರಿ.

ಈಗ ನಾಲ್ಕನೆಯದು, ನಿಜವಾದ ವಿಷಯ: ಕಣ್ಣು.

ಕನ್ನಡಕಕ್ಕೆ ನಮ್ಮ ಕಡೆ ಚಾಳೀಸು ಎನ್ನುತ್ತೇವೆ, ಮರಾಠಿಯಲ್ಲಿ ಚಾಳೀಶಿ. ಚಾಳೀಸ ಎಂದರೆ ನಲವತ್ತು. ನಲವತ್ತರ ಆಸುಪಾಸು ಬರುವುದರಿಂದ ಆ ಹೆಸರು. ಹಿಂದಿನವರು ಹೆಸರಿನಲ್ಲೇ ರೋಗದ ಲಕ್ಷಣ ಹೇಳಿಟ್ಟಿದ್ದಾರೆ. ಕಣ್ಣಿನೊಳಗೆ ಒಂದು ಮಸೂರವಿದೆ. ಹತ್ತಿರದ್ದನ್ನು ನೋಡುವಾಗ ಅದು ಉಬ್ಬಿಕೊಳ್ಳಬೇಕು, ದೂರದ್ದನ್ನು ನೋಡುವಾಗ ಚಪ್ಪಟೆಯಾಗಬೇಕು. ಚಿಕ್ಕಂದಿನಲ್ಲಿ ಅದು ಹಸಿ ಕಣಕದ ಹಾಗೆ ಮೆತ್ತಗಿರುತ್ತದೆ, ವರ್ಷ ಕಳೆದಂತೆ ಗಟ್ಟಿಯಾಗುತ್ತ ಹೋಗುತ್ತದೆ. ಸಾಧಾರಣವಾಗಿ ಹತ್ತು ವರ್ಷದ ಮಗು ಮೂರು ಇಂಚು ಹತ್ತಿರದ ವಸ್ತುವನ್ನೂ ಸ್ಪಷ್ಟವಾಗಿ ನೋಡುತ್ತದೆ. ನಲವತ್ತಕ್ಕೆ ಅದು ಒಂಬತ್ತು ಇಂಚಿಗೆ ಸರಿಯುತ್ತದೆ. ಅರವತ್ತಕ್ಕೆ ಸುಮಾರು ಒಂದು ಮೀಟರು. ಕೈ ಪೂರ್ತಿ ಚಾಚಿದರೂ ಎರಡು ಅಡಿ ಸಿಗುವುದು ಕಷ್ಟ. ಮೀಟರು ದೂರದ ಸೂಜಿಯನ್ನು ಯಾರು ಹಿಡಿಯಬೇಕು? ಹತ್ತಿರ ತಂದರೆ ಮಂಜು, ದೂರ ಒಯ್ದರೆ ಸಣ್ಣದು. ಈ ಎರಡರ ನಡುವೆ ಸಿಕ್ಕು ಆಯಿ ತಲೆಯನ್ನು ಹಿಂದಕ್ಕೆ, ಸೂಜಿಯನ್ನು ಮುಂದಕ್ಕೆ ಮಾಡುತ್ತಾಳೆ.

ಇದು ರೋಗವಲ್ಲ, ಎಲ್ಲರಿಗೂ ಬರುವಂಥದ್ದು. ಉಪಾಯವೂ ಸರಳ: ಉಬ್ಬಲಾರದ ಮಸೂರದ ಬದಲು ಹೊರಗೊಂದು ಉಬ್ಬಿದ ಗಾಜು. ನಲವತ್ತರ ಸುಮಾರಿಗೆ ಪ್ಲಸ್ ಒಂದು, ಅರವತ್ತರ ಹೊತ್ತಿಗೆ ಪ್ಲಸ್ ಎರಡೂವರೆಯ ಆಸುಪಾಸು ನಂಬರು ಬೀಳುತ್ತದೆ.

ಹಾಗಿದ್ದರೆ ಅಡ್ಡಿ ಏನು? ಬ್ಯಾಂಕಿನ ಕೌಂಟರಿನಲ್ಲಿ ಕುಳಿತಾಗ ನನಗೆ ಒಂದು ವಿಷಯ ಕಾಣುತ್ತಿತ್ತು. ಸಹಿ ಮಾಡುವ ಗಂಡಸು ಐವತ್ತು ದಾಟಿದ್ದರೆ ಕಿಸೆಯಿಂದ ಚಾಳೀಸು ತೆಗೆಯುತ್ತಿದ್ದ. ಹೆಬ್ಬೆಟ್ಟು ಒತ್ತುವ ಹೆಣ್ಣುಮಗಳ ಹತ್ತಿರ ಚಾಳೀಸು ಇರುತ್ತಿರಲಿಲ್ಲ. ಕೇಳಿದರೆ ಜೊತೆಗಿದ್ದ ಮಗ ನಗುತ್ತ ಉತ್ತರ ಕೊಡುತ್ತಿದ್ದ, “ನಮ್ಮವ್ವಗ ಓದಾಕ ಬರೂದಿಲ್ಲರಿ, ಆಕಿಗ್ಯಾಕ ಚಾಳೀಸು?” ಇದೇ ನಮ್ಮ ತಪ್ಪು ತಿಳಿವಳಿಕೆ. ಚಾಳೀಸು ಓದುವವರ ಸ್ವತ್ತಲ್ಲ. ಅಕ್ಕಿಯಲ್ಲಿ ಹರಳು ಆರಿಸುವುದು, ತಲೆಯ ಹೇನು ನೋಡುವುದು, ಮಗುವಿನ ಕಾಲಿನ ಮುಳ್ಳು ತೆಗೆಯುವುದು, ಗುಳಿಗೆಯ ಬಣ್ಣ ಗುರುತಿಸುವುದು, ಸೂಜಿಗೆ ದಾರ ಹಾಕುವುದು, ಇವೆಲ್ಲ ಹತ್ತಿರದ ನೋಟದ ಕೆಲಸಗಳೇ. ಅಕ್ಷರ ಬಾರದ ಹೆಣ್ಣುಮಗಳು ಇವನ್ನು ಸಾಕ್ಷರ ಗಂಡಸಿಗಿಂತ ಹತ್ತು ಪಟ್ಟು ಹೆಚ್ಚು ಮಾಡುತ್ತಾಳೆ.

ಇದಕ್ಕೆ ಒಳ್ಳೆಯ ಪುರಾವೆಯೂ ಇದೆ. ಅಸ್ಸಾಮಿನ ಚಹಾ ತೋಟಗಳಲ್ಲಿ ನಲವತ್ತು ದಾಟಿದ ೭೫೧ ಕೂಲಿಕಾರರ ಮೇಲೆ ನಡೆದ ಅಧ್ಯಯನವೊಂದು ೨೦೧೮ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಜನಕ್ಕೆ ಹತ್ತಿರದ ನೋಟದ ಕನ್ನಡಕ ಕೊಟ್ಟರು, ಉಳಿದವರಿಗೆ ಅಧ್ಯಯನ ಮುಗಿದ ಮೇಲೆ ಕೊಟ್ಟರು. ಕನ್ನಡಕ ಹಾಕಿದವರ ದುಡಿಮೆ ಹಾಕದವರಿಗಿಂತ ಶೇಕಡಾ ೨೧.೭ರಷ್ಟು ಹೆಚ್ಚು ಏರಿತು. ಚಹಾ ಎಲೆ ಕೀಳುವುದಕ್ಕೆ ಅಕ್ಷರ ಬೇಕಿಲ್ಲ, ಕಣ್ಣು ಬೇಕು.

ಇನ್ನೊಂದು ಎಚ್ಚರಿಕೆಯ ಮಾತು. ಕೆಲವು ಮನೆಗಳಲ್ಲಿ ಒಂದು ಸಂತೋಷದ ಸುದ್ದಿ ಕೇಳುತ್ತೇವೆ: “ನಮ್ಮ ಆಯಿಗೆ ಎಪ್ಪತ್ತಕ್ಕೆ ಕಣ್ಣು ಮರಳಿ ಬಂದಾವ, ಚಾಳೀಸು ಇಲ್ಲದ ದಾರ ಹಾಕತಾಳ.” ಇದು ದೇವರ ಕೃಪೆ ಎಂದು ಸುಮ್ಮನಿರಬೇಡಿರಿ. ಮೋತಿಬಿಂದು ಬೆಳೆಯುವಾಗ ಕೆಲವರಲ್ಲಿ ಮಸೂರದ ನಡುಭಾಗ ಗಟ್ಟಿಯಾಗಿ ಬೆಳಕನ್ನು ಹೆಚ್ಚು ಬಾಗಿಸುತ್ತದೆ. ಆಗ ಹತ್ತಿರದ್ದು ಕೆಲಕಾಲ ಚೆನ್ನಾಗಿ ಕಾಣುತ್ತದೆ, ದೂರದ್ದು ಮಸುಕಾಗುತ್ತದೆ. ಆಯಿ ಸೂಜಿಗೆ ದಾರ ಹಾಕುತ್ತಾಳೆ, ಆದರೆ ಅಂಗಳದಾಚೆ ಬರುವ ಮಗನ ಮುಖ ಗುರುತಿಸುವುದಿಲ್ಲ. ಆ ಹತ್ತಿರದ ನೋಟವೂ ಬಹುಕಾಲ ನಿಲ್ಲುವುದಿಲ್ಲ. ಮೋತಿಬಿಂದುವಾದರೆ ಶಸ್ತ್ರಚಿಕಿತ್ಸೆಯಿಂದ ನೋಟ ಮರಳುತ್ತದೆ. ಕುರುಡುತನ ತಡೆಯುವ ರಾಷ್ಟ್ರೀಯ ಕಾರ್ಯಕ್ರಮ ೧೯೭೬ರಿಂದ ಇದೆ. ಸರಕಾರಿ ದವಾಖಾನೆಗಳ ಮೂಲಕ ಈ ಚಿಕಿತ್ಸೆ ಪುಕ್ಕಟೆಯಾಗಿ ಆಗುತ್ತದೆ. ಆದರೆ ಕಾಚಬಿಂದುವಿನಿಂದ ಹೋದ ನೋಟ ಮರಳುವುದಿಲ್ಲ. ಅದು ಸದ್ದಿಲ್ಲದೆ ಬರುತ್ತದೆ. ಎರಡೂ ಸೇರಿ “ಬಿಂದು” ಎಂದು ಒಂದೇ ಲೆಕ್ಕಕ್ಕೆ ಹಿಡಿಯದೆ, ಯಾವುದು ಎಂದು ಡಾಕ್ಟರರಿಂದಲೇ ತಿಳಿದುಕೊಳ್ಳಬೇಕು. ಸಕ್ಕರೆ ರೋಗವಿದ್ದವರಂತೂ ವರ್ಷಕ್ಕೊಮ್ಮೆ ಕಣ್ಣು ತೋರಿಸಲೇಬೇಕು.

ಸಂತೆಯಲ್ಲಿ ಸಿದ್ಧ ಚಾಳೀಸು ಸಿಗುತ್ತದೆ, ಹಾಕಿ ನೋಡಿ ಕೊಂಡರೆ ಆಗುವುದಿಲ್ಲವೆ ಎಂದು ಕೇಳುವಿರಿ. ಹತ್ತಿರದ ನೋಟಕ್ಕೆ ಅದು ಕೆಲಸ ಮಾಡೀತು. ಆದರೆ ಅಂಗಡಿಯವನು ನಂಬರು ಕೊಡಬಲ್ಲ, ಕಣ್ಣಿನ ಒಳಗಿನ ರೋಗ ನೋಡಲಾರ. ಆದ್ದರಿಂದ ಮೊದಲು ಒಮ್ಮೆ ದವಾಖಾನೆ, ಆಮೇಲೆ ಅಂಗಡಿ.

ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬ ವಚನಕಾರರಿದ್ದರು. ಬಟ್ಟೆ ಹೊಲಿಯುವುದು ಅವರ ಕಾಯಕ, ಅದೇ ಅವರ ಹೆಸರಿನ ಮೊದಲ ಭಾಗ. ಮುಂದೆ ೧೨೭೦ರಲ್ಲಿ ಹುಟ್ಟಿದ ಸಂತ ನಾಮದೇವರು ಶಿಂಪಿ ಮನೆತನದವರು. ಗುಡ್ಡಾಪುರದ ದಾನಮ್ಮನ ಜಾತ್ರೆಗೂ ಪಂಢರಪುರದ ವಾರಿಗೂ ಹೋಗುವ ನಮ್ಮ ಜನ ಇಬ್ಬರನ್ನೂ ತಮ್ಮವರೆಂದೇ ತಿಳಿಯುತ್ತಾರೆ. ಸೂಜಿ ಹಿಡಿದ ಕೈಗೆ ಇಷ್ಟು ಮರ್ಯಾದೆ ಕೊಟ್ಟ ನಾಡಿನಲ್ಲಿ, ತೂತು ಕಾಣದೆಂಬ ಒಂದೇ ಕಾರಣಕ್ಕೆ ಒಬ್ಬ ತಾಯಿ ಕಾಯಕ ಬಿಟ್ಟು ಮೂಲೆಯಲ್ಲಿ ಕೂಡುವುದು ಚೆಂದವಲ್ಲ.

ಕೊನೆಗೆ ಮಾಡಬೇಕಾದದ್ದು ಇಷ್ಟು. ಬರುವ ರವಿವಾರ ಹಗಲು ಬೆಳಕಿನಲ್ಲಿ, ಮನೆಯ ನಲವತ್ತು ದಾಟಿದ ಎಲ್ಲರ ಕೈಗೂ ಒಂದು ಸೂಜಿ, ಓರೆಯಾಗಿ ಕತ್ತರಿಸಿದ ಒಂದು ದಾರ ಕೊಡಿರಿ. ಗಂಡಸರನ್ನೂ ಬಿಡಬೇಡಿರಿ. ಮೊದಲು ಎರಡೂ ಕಣ್ಣಿನಿಂದ ದಾರ ಹಾಕಲಿ. ಆಮೇಲೆ ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ ಸೂಜಿಯನ್ನೂ ದೂರದ ಗಿಡವನ್ನೂ ನೋಡಲಿ, ನಂತರ ಇನ್ನೊಂದನ್ನು ಮುಚ್ಚಿ ನೋಡಲಿ. ಎರಡು ಕಣ್ಣು ತೆರೆದಿದ್ದಾಗ ಒಂದರ ಕೊರತೆಯನ್ನು ಇನ್ನೊಂದು ಮುಚ್ಚಿಡುತ್ತದೆ. ಯಾರಿಗೆ ತೊಡಕಾಯಿತೋ ಅವರನ್ನು ಕಣ್ಣಿನ ತಪಾಸಣೆಗೆ ಕರೆದುಕೊಂಡು ಹೋಗಿರಿ. ಹೋಗುವಾಗ ಅದೇ ಸೂಜಿಯನ್ನೂ ದಾರವನ್ನೂ ಒಂದು ಚಿಂದಿಗೆ ಚುಚ್ಚಿ ಜೊತೆಗೆ ಒಯ್ಯಿರಿ. ಅಕ್ಷರದ ಫಲಕ ಓದಲು ಬಾರದಿದ್ದರೆ ಸಂಕೋಚ ಬೇಡ. ಡಾಕ್ಟರರ ಮುಂದೆ ಸೂಜಿ ಹಿಡಿದು ಹೇಳಿರಿ, “ನನಗ ಇಷ್ಟು ದೂರದಾಗ ಇದು ಕಾಣಬೇಕ್ರಿ.” ಆ ದೂರಕ್ಕೆ ತಕ್ಕ ನಂಬರು ಅವರು ಹಾಕಿ ನೋಡುತ್ತಾರೆ. ಗಾಜು ಹಾಕಿದ ಮೇಲೆ ಅಲ್ಲೇ ದಾರ ಪೋಣಿಸಿ ನೋಡಿರಿ. ಪೋಣಿಸಿದ ಸೂಜಿಯೊಂದಿಗೇ ಊರಿಗೆ ಮರಳಿರಿ.